ಮಳೆ ನಿಂತ ಮೇಲೆ ಬರ್ತೀನಿ

ಮೈಕಿನ ಕೆಂಪು ದೀಪ ಇನ್ನೂ ಹತ್ತಿಲ್ಲ, ಅದಕ್ಕೆ ಬಿಸಿಯಾಗಲು ಎರಡು ನಿಮಿಷ ಬೇಕು, ನನ್ನ ಮೊಣಕಾಲಿನ ಹಾಗೆ, ನಲವತ್ತೆರಡು ಮೆಟ್ಟಿಲು ಹತ್ತಿ ಬಂದ ಮೇಲೆ ಅದೂ ಒಂದಿಷ್ಟು ಹೊತ್ತು ನನ್ನ ಮಾತು ಕೇಳುವುದಿಲ್ಲ — ಕಿಟಕಿಯಾಚೆ ಬಂದರು, ತೊಳೆದಿಟ್ಟ ತಟ್ಟೆಯಂಥ ಸಪ್ಪೆ ಬೆಳಕು, ಅಲ್ಲಿ ಆ ಹೊಸ ದೋಣಿ, ಬಣ್ಣ ಒಣಗಿ ಎರಡು ದಿನವಾಗಿಲ್ಲ, ಬೆಳಗಿನ ಉಬ್ಬರಕ್ಕೆ ಹೊರಡುತ್ತದಂತೆ, ಜೊತೆಗೆ ಅದನ್ನು ಕಟ್ಟಿದ ಬಡಗಿಯೂ, ಬೇರೆ ಬಂದರಿನಲ್ಲಿ ಕೆಲಸವಂತೆ, ಮನೆ ಖಾಲಿ ಮಾಡಿದನಂತೆ, ಇನ್ನು ಈ ಕಡೆ ಬರುವುದಿಲ್ಲವಂತೆ. ಅಂತೆ, ಅಂತೆ. ಹನ್ನೊಂದು ವರ್ಷ ಇದ್ದರೂ ಈ ಊರಿನದು ನನ್ನ ಪಾಲಿಗೆ ಬಂದದ್ದೆಲ್ಲ ಬರೀ ಅಂತೆ. ಗಾಳಿ ಎಷ್ಟು, ಅಲೆ ಎಷ್ಟು, ದೋಣಿ ಬಿಡಬಹುದೋ ಬೇಡವೋ, ಮೇಲಿನ ಕಚೇರಿಯಿಂದ ಬಂದ ಚೀಟಿಯನ್ನು ದಿನಕ್ಕೆರಡು ಸಲ ಓದಿ ಹೇಳುವುದು ನನ್ನ ಕೆಲಸ, ಅದಕ್ಕೇ ಊರಿಗೆಲ್ಲ ನಾನು ಮೈಕಮ್ಮ, ಇಟ್ಟ ಹೆಸರೇನೆಂದು ಕೇಳಿದವರಿಲ್ಲ, ಮೊದಲ ವರ್ಷ ಬಲೆ ಬಿಡಿಸುವ ಹೆಂಗಸರು ನಗುತ್ತಿದ್ದರು, ಏನ್ರೀ ಮೈಕಮ್ಮ, ಬಿರುಗಾಳಿ ಬರುತ್ತೆ ಅನ್ನೋದನ್ನೂ ಜೋಗುಳದ ಹಾಗೆ ಹೇಳ್ತೀರಲ್ಲ, ನಮ್ಮ ಗಂಡಸರು ಹೆದರೋ ಬದಲು ಗೊರಕೆ ಹೊಡೀತಾರೆ. ಏನು ಮಾಡಲಿ, ಅದು ಅಪ್ಪನ ಗಂಟಲು. ಅಪ್ಪ ದೇವರ ಮುಂದೆ ಕೂತು ಪದ್ಯ ಓದುತ್ತಿದ್ದಾಗ ಕಂಬಕ್ಕೊರಗಿ ಕೇಳುತ್ತಲೇ ಬೆಳೆದೆ, ಅರ್ಥ ತಿಳಿಯುವ ಮೊದಲೇ ಅವನು ಉಸಿರು ತೆಗೆದುಕೊಳ್ಳುವ ಜಾಗಗಳು ಬಾಯಿಪಾಠ, ನೋಡು ಮಗಳೇ, ಉಸಿರು ತಪ್ಪಿದ ಕಡೆ ನಿಲ್ಲಿಸಿದೆಯೋ, ಅದೇ ಸಾಲಿನಲ್ಲಿ ದೇವರು ಎದ್ದು ಹೋಗಿ ದೆವ್ವ ಬಂದು ಕೂತಿರುತ್ತೆ. ಆಗ ನಗುತ್ತಿದ್ದೆ, ಅಪ್ಪಾ, ಇವತ್ತು ಬೆಳಿಗ್ಗೆ ತಿಳಿಯಿತು.

ಈ ಕಿಟಕಿ, ಇದೇ ಕಿಟಕಿ, ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಬಿಗಿದು ಕೂತಾಗ ಬೇರೆ ಯಾರೂ ಸಿಗದೆ ದೋಣಿ ಬಡಗಿಯನ್ನೇ ಕರೆಸಿದ್ದರು, ಎರಡು ದಿನದ ಕೆಲಸ, ಒಂಬತ್ತು ದಿನ ಮಾಡಿದ, ಒಂದಿಷ್ಟು ಉಜ್ಜುವುದು, ಉಜ್ಜುಗೊರಡು ಕೆಳಗಿಟ್ಟು ನಾನು ಓದುವುದನ್ನು ಕೇಳುತ್ತ ಕೂರುವುದು, ನೀರು ಕುಡಿದ ಮರ ಮೇಡಮ್, ಅವಸರ ಮಾಡಬಾರದು, ಅನ್ನುತ್ತಿದ್ದ, ಅವಸರ ಇಲ್ಲದಿರೋದು ಮರಕ್ಕೋ ನಿಮಗೋ, ಅಂದೆ, ಅಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ, ಅವನು ಕಿವಿಯವರೆಗೂ ಕೆಂಪಾದ. ಒಂಬತ್ತನೆಯ ದಿನ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ತಿರುಗಿ ನಿಂತ, ಕಿವಿಯ ಮೇಲೆ, ಕೂದಲಿಗೆ ಸಿಕ್ಕಿಕೊಂಡು, ಮರದ ಸುರುಳಿಯೊಂದು, ಬೆಳಕು ಹಾಯುವಷ್ಟು ತೆಳ್ಳಗೆ — ತೆಗೆಯೋಣವೆಂದು ನನ್ನ ಕೈ ಎದ್ದಿತು, ಅರ್ಧಕ್ಕೆ ಎದ್ದು ಸೆರಗು ಸರಿಮಾಡಿಕೊಂಡಿತು. ಹೊರಗೆ ಹೊಯ್ಯುವ ಮಳೆ, ಅವನು ನೆಲ ನೋಡುತ್ತ, ಗಡಿಬಿಡಿಯಲ್ಲಿ, ಒಂದೇ ಉಸಿರಿಗೆ, ಒಂದ್ಸಲ ನಮ್ಮ ಶೆಡ್ಡಿನ ಕಡೆ ಬನ್ನಿ ಮಳೆ ನಿಂತ ಮೇಲೆ ಬರ್ತೀನಿ, ಅಂದವನೇ ಮೆಟ್ಟಿಲಿಳಿದು ಹೋದ. ಮಳೆ ನಿಂತ ಮೇಲೆ ಬರುತ್ತಾನೆ. ಮಳೆ ನಿಂತಿತು. ಒಳ್ಳೆಯ ಲೋಟ ತೆಗೆದು ತೊಳೆದಿಟ್ಟೆ, ಸಂಜೆ ಸಂಜೆ ಬಾಗಿಲು ತೆರೆದಿಟ್ಟೆ, ದೇವರೇ, ಕೇಳಿಕೊಂಡದ್ದು ಒಂದೇ, ಅದನ್ನೂ ಬಾಯಿಬಿಟ್ಟು ಕೇಳಲಿಲ್ಲ, ನಿನಗೆ ಗೊತ್ತಿರುತ್ತದಲ್ಲ ಎಂದು. ಬರಲಿಲ್ಲ. ಎರಡು ಸಲ ವರ್ಗವಾಯಿತು, ಎರಡು ಸಲವೂ ಕಾಗದ ಬರೆದು ತಪ್ಪಿಸಿಕೊಂಡೆ, ಈ ಊರಿನ ಹವೆ ನನಗೆ ಒಗ್ಗಿದೆ ಎಂದು, ಒಂದೊಂದು ಮೂಳೆಯೂ ನೋಯುತ್ತಿರುವಾಗ. ಓಣಿಯಲ್ಲಿ ಎದುರಾದರೆ ಅವನು ತಲೆ ತಗ್ಗಿಸುತ್ತಿದ್ದ, ನಾನು ಮುಖ ತಿರುಗಿಸುತ್ತಿದ್ದೆ, ಮನಸ್ಸು ಬದಲಾಗಿರಬೇಕು, ಹೊರಗಿನವಳು ಯಾಕೆ ಎಂದು ಮನೆಯವರು ಅಂದಿರಬೇಕು.

ಮತ್ತೆ ಈ ಬೆಳಿಗ್ಗೆ, ಚಹಾದಂಗಡಿ, ಅದನ್ನು ನಡೆಸುವ ಅವನ ಅಕ್ಕ ಲೋಟ ಕುಕ್ಕಿದ ರೀತಿಗೆ ಚಹಾ ಅರ್ಧ ಚೆಲ್ಲಿತು, ಇವತ್ತಾದ್ರೂ ಅವನ ಹತ್ರ ಒಂದು ಮಾತಾಡಿ ತಾಯಿ, ಹೋಗ್ತಿದಾನೆ. ನಾನೇನು ಮಾತಾಡಲಿ ಅಕ್ಕಾ. ಅದೂ ಸರಿ, ಶೆಡ್ಡಿಗೆ ಬನ್ನಿ ಅಂತ ಕರೆದಾಗಲೇ ಬರದ ದೊಡ್ಡ ಮನುಷ್ಯರು ನೀವು, ಮಳೆ ನಿಂತ ಮೇಲೆ ಬನ್ನಿ ಅಂದಿದ್ನಂತೆ, ಹುಟ್ಟಿದಾಗಿನಿಂದ ಪೊರಕೆ ಮುಟ್ಟದವನು ಹದಿನೈದು ದಿನ ಶೆಡ್ಡು ಗುಡಿಸಿದ್ದೇ ಗುಡಿಸಿದ್ದು, ನಿಮಗೆ ಕೂರೋಕೆ ಅಂತ ಒಂದು ಸ್ಟೂಲು ಬೇರೆ, ಅದರ ಮೇಲೇ ಈಗ ನಿಮ್ಮ ಚಹಾ ಇಟ್ಟಿರೋದು. ಅಲ್ಲ ಅಕ್ಕಾ, ಅವರೇ ಬರ್ತೀನಿ ಅಂದಿದ್ದರು. ಅಯ್ಯೋ ನಿಮ್ಮ, ಎದ್ದು ಹೊರಡೋವಾಗ ಬರ್ತೀನಿ ಅನ್ನದೆ ಹೋಗ್ತೀನಿ ಅಂತಾರೇನ್ರೀ ಯಾರಾದ್ರೂ! ನಗುತ್ತಿದ್ದಳು, ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಶೆಡ್ಡಿನ ಕಡೆ ಬನ್ನಿ ಮಳೆ ನಿಂತ ಮೇಲೆ. ಅಲ್ಲಿ ಉಸಿರು. ಆಮೇಲೆ, ಬರ್ತೀನಿ. ಇಡೀ ಬಂದರಿಗೆ ಓದಿ ಹೇಳುವವಳು ಒಂದು ಸಾಲಿನ ಉಸಿರು ತಪ್ಪಿಸಿದೆ, ಮೂರು ವರ್ಷ, ಆ ಸ್ಟೂಲಿನ ಮೇಲೆ ದಿನಾ ಲೋಟ ಇಟ್ಟೆ, ತಳದ ಉಂಗುರಗಳು ಮರದಲ್ಲಿ ಇಳಿದುಹೋಗಿವೆ — ಕೆಂಪು ದೀಪ ಹತ್ತಿತು. ಗುಂಡಿ ಒತ್ತುವ ಮುಂಚೆ ದಿನವೂ ಮನಸ್ಸಿನಲ್ಲಿ ಹೇಳಿಕೊಳ್ಳುವ ಅಪ್ಪನ ಪದ್ಯದ ಸಾಲು ಇವತ್ತು ಬರುತ್ತಿಲ್ಲ, ಇರಲಿ, ಗಾಳಿ ಗಂಟೆಗೆ ಹನ್ನೆರಡು ಕಿಲೋಮೀಟರ್, ಅಲೆ ಅರ್ಧ ಮೀಟರ್, ದೋಣಿಗಳು ಹೊರಡಬಹುದು, ಹೊರಡಬಹುದು ಎಂದು ನಾನೇ ಹೇಳಬೇಕು, ಹೇಳಿಯಾಯಿತು, ಇನ್ನು ಮೈಕು ಆರಿಸಬೇಕು, ಬೆರಳು ಆರಿಸುತ್ತಿಲ್ಲ, ನನ್ನ ಉಸಿರೇ ಬಂದರಿನ ನಾಲ್ಕು ಕಂಬಗಳ ಧ್ವನಿವರ್ಧಕಗಳಿಂದ ತಿರುಗಿ ನನಗೆ ಕೇಳಿಸುತ್ತಿದೆ, ಬಲೆ ಬಿಡಿಸುವವರು ತಲೆಯೆತ್ತಿದರು, ಹೊಸ ದೋಣಿಯ ಹಗ್ಗ ಬಿಚ್ಚುತ್ತಿದ್ದವನ ಕೈ ನಿಂತಿತು, ಇರಿ ಎನ್ನಲೇ, ಯಾವ ಬಾಯಲ್ಲಿ, ಸಾಕಾಗಿದೆ, ಎಲ್ಲ ಸಾಕಾಗಿದೆ — ಬರ್ತೀನಿ. ಅಂದುಬಿಟ್ಟೆ. ಒಂದೇ ಮಾತು, ಹಿಂದಿಲ್ಲ ಮುಂದಿಲ್ಲ, ಉಸಿರು ನಿಲ್ಲಿಸಲು ಜಾಗವೂ ಇಲ್ಲ, ಬೀಳ್ಕೊಟ್ಟಳು ಅಂದುಕೊಳ್ಳುತ್ತಾನೋ, ಬರುತ್ತಾಳೆ ಅಂದುಕೊಳ್ಳುತ್ತಾನೋ, ನಲವತ್ತೆರಡು ಮೆಟ್ಟಿಲು, ಈ ಮೊಣಕಾಲು, ಹಗ್ಗ ಹಿಡಿದೇ ಅವನು ಈ ಕಡೆ ತಿರುಗಿದ್ದಾನೆ, ಇಷ್ಟು ದೂರದಿಂದ ಮುಖ ಕಾಣುವುದಿಲ್ಲ, ಕಣ್ಣು ಕಾಣುವುದಿಲ್ಲ, ಕಿವಿಯ ಮೇಲೆ, ಕೂದಲಿಗೆ ಸಿಕ್ಕಿಕೊಂಡು, ಬೆಳಕು ಹಾಯುವಷ್ಟು ತೆಳ್ಳಗೆ, ಆ ಸುರುಳಿ, ನನ್ನ ಕೈ ಅರ್ಧಕ್ಕೆ ಎದ್ದಿದೆ, ಆ ಸುರುಳಿ —