ಅಮ್ಮನ ಮೇಲೆ ಬಂದ ದೂರುಗಳು

ಕೆಂಪು ಕಾಲುಚೀಲ ಮತ್ತೆ ಬಂತು, ಗಾಜಿಗೆ ಅಂಗೈಯಂತೆ ಅಂಟಿಕೊಂಡಿತು, ಜಾರಿತು, ನೊರೆಯೊಳಗೆ ಮುಳುಗಿತು — ಯಾರದು ಅದು, ತನ್ನದಂತೂ ಅಲ್ಲ, ಕಾಸು ಹಾಕಿ ಒಗೆಯುವ ಈ ಅಂಗಡಿಯಲ್ಲಿ ಮುಂಚೆ ಒಗೆದವರು ಯಂತ್ರದೊಳಗೇ ಮರೆತು ಹೋದದ್ದಿರಬೇಕು, ನಾಳೆ ಚರ್ಚಿಗೆ ಉಡಬೇಕಾದ ಬಿಳಿಯದಕ್ಕೆಲ್ಲ ಈಗ ಬಣ್ಣ ಹತ್ತುತ್ತದೆ, ಹತ್ತಲಿ, ಗುಲಾಬಿ ಉಟ್ಟುಕೊಂಡೇ ಹೋದರಾಯಿತು, ಎಸೆಟಳಿಗೆ ಇವತ್ತು ಕಾಲುಚೀಲದ ಮೇಲೆ ಸಿಟ್ಟಾಗಲು ಪುರುಸೊತ್ತಿಲ್ಲ, ಇರುವ ಸಿಟ್ಟೆಲ್ಲ ಕೈಯಲ್ಲಿರುವ ಫೋನಿನ ಪಾಲಾಗಿದೆ, ಅವಳು ಮಾಡಿದ ಆಟವನ್ನು ಆಡಿ ನೋಡಿದವರು ಬರೆದದ್ದೆಲ್ಲ ಅದರಲ್ಲಿದೆ. ಒಬ್ಬ — ಅಮ್ಮ ಉತ್ತರ ಕೊಡೋಕೆ ಯಾಕಿಷ್ಟು ಹೊತ್ತು, ಆಟ ಕೆಟ್ಟು ನಿಂತಿತು ಅನ್ಕೊಂಡೆ. ಇನ್ನೊಬ್ಬ — ಎಲ್ಲರ ಕಣ್ಣೂ ಇಷ್ಟಿಷ್ಟು ದೊಡ್ಡದಿದೆ, ಈ ಹೆಂಗಸಿನದು ಮಾತ್ರ ಯಾಕೆ ಸಣ್ಣ, ಬಿಡಿಸೋಕೆ ಬೇಜಾರಾಯ್ತಾ. ಮತ್ತೊಬ್ಬ — ಅಮ್ಮನ ವಯಸ್ಸು ಸ್ವಲ್ಪ ಇಳಿಸಿ, ಅವಳ ಜೊತೆಗೂ ಒಂದು ಪ್ರೇಮದ ದಾರಿ ಇಡಿ. ಪ್ರೇಮದ ದಾರಿ, ನಿನ್ನ ಮುಖಕ್ಕಿಷ್ಟು, ಬೆಳಗಿನ ಜಾವದ ಬಸ್ಸಿಗೆ ಎದ್ದು ಇನ್ನೊಬ್ಬರ ಕಚೇರಿಯ ಕಕ್ಕಸು ಉಜ್ಜಿ ಬರುವ ಹೆಂಗಸಿಗೆ ನೀನೊಬ್ಬ ಪ್ರೇಮಿ ಕಡಿಮೆಯಾಗಿದ್ದೆ. ಒಟ್ಟು ಆರುನೂರ ಹನ್ನೆರಡು ಜನ ಆಡಿ ನೋಡಿದ್ದಾರೆ, ಅದರಲ್ಲಿ ಅಮ್ಮನ ಮೇಲೇ ಇನ್ನೂರು ದೂರು, ಕಡಲದೆವ್ವಗಳ ಮೇಲೆ ಒಂದೂ ಇಲ್ಲ, ಶಾರ್ಕ್ ಹಲ್ಲಿನ ಕತ್ತಿ ಹಿಡಿದ ನಾಯಕಿ ಫೆಟುವಿನ ಮೇಲೆ ಒಂದೂ ಇಲ್ಲ, ಅವಳ ಬೆಳ್ಳಿಯ ಜಡೆಯಂತೂ ಎಲ್ಲರಿಗೂ ಇಷ್ಟ. ಕೊನೆಯಲ್ಲಿ ಯಾವ ಪಾತ್ರ ನಿಮಗೆ ಹಿಡಿಸಲಿಲ್ಲ, ಯಾಕೆ ಎಂದು ಕೇಳುವ ಪ್ರಶ್ನೆಯನ್ನು ಬರೆದವಳು ಇವಳೇ, ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದು ಚಾಪೆ ಹಾಸಿದವಳು ಇವಳೇ, ಈಗ ಯಾರನ್ನು ಬೈಯುವುದು.

ಮೂರು ವರ್ಷ. ಹಗಲು ಔಷಧದ ಅಂಗಡಿಯಲ್ಲಿ ಮಾತ್ರೆ ಎಣಿಸಿ, ಸಂಜೆ ಕೂತು ಬರೆದದ್ದು, ಬಿಡಿಸಿದ್ದು — ಓದುತ್ತ ಹೋಗುವ ಆಟ, ಓದಿ ಆರಿಸಬೇಕು, ಆರಿಸಿದಂತೆ ಕಥೆ ತಿರುಗುತ್ತದೆ, ಫೆಟು ಎಂಬ ಹದಿನಾಲ್ಕರ ಹುಡುಗಿ ಮುಳುಗಿಹೋದ ಊರನ್ನು ಹುಡುಕಿಕೊಂಡು ಕಡಲಿಗೆ ಇಳಿಯುತ್ತಾಳೆ, ಪ್ರತಿ ಸಲ ಇಳಿಯುವ ಮುಂಚೆ ಅಮ್ಮನನ್ನು ಕೇಳಬೇಕು, ಅಮ್ಮ ಬಟ್ಟೆ ಮಡಚುತ್ತಾಳೆ, ಮಡಚಿ ಮುಗಿಸಿ ಉತ್ತರ ಕೊಡುತ್ತಾಳೆ, ಒಂಬತ್ತು ಸೆಕೆಂಡು, ಅಷ್ಟೇ, ಒಂಬತ್ತು. ಎಸೆಟ ಬೆಳೆದ ಮನೆಯಲ್ಲಿ ಮಧ್ಯಾಹ್ನವೇ ರಾತ್ರಿ, ಶಾಲೆಯಿಂದ ಬಂದರೆ ಅಮ್ಮ ಸೋಫಾದ ಮೇಲೆ ಕೆಲಸದ ಬಟ್ಟೆಯಲ್ಲೇ ನಿದ್ದೆ, ಇವಳು ಟಿವಿಯ ದನಿ ಪೂರ್ತಿ ಇಳಿಸಿ ಜಪಾನಿನ ಕಾರ್ಟೂನು ನೋಡುವುದು, ಕೆಳಗೆ ಓಡುವ ಅಕ್ಷರ ಓದಿಯೇ ಕಥೆ ತಿಳಿಯುವುದು, ತಟ್ಟೆಯಷ್ಟು ಕಣ್ಣಿನ ಹುಡುಗಿಯರು ಬಾಯಿ ತೆರೆದು ಕೂಗುತ್ತಿದ್ದರೂ ಮನೆ ನಿಶ್ಶಬ್ದ — ಅಲ್ಲಿಂದಲೇ ಬಂತು ಈ ಹುಚ್ಚು, ಗಾಳಿಗೆ ಹಾರುವ ಕೂದಲು, ಆಕಾಶದಲ್ಲಿ ಗುಡ್ಡದಷ್ಟು ಮೋಡ. ಅಮ್ಮ ಎದ್ದಾಗ ಕೇಳಬೇಕಾದ್ದು ಇರುತ್ತಿತ್ತು, ಈಜುಕೊಳಕ್ಕೆ ಎಲ್ಲಾ ಹೋಗ್ತಿದಾರೆ, ನಾನೂ ಹೋಗ್ಲಾ, ಅಮ್ಮ ತಕ್ಷಣ ಏನೂ ಅನ್ನುತ್ತಿರಲಿಲ್ಲ, ಬಟ್ಟೆಯ ಗುಡ್ಡೆ ಎಳೆದುಕೊಂಡು ಮಡಚತೊಡಗುತ್ತಿದ್ದಳು, ಒಂದು ಟವಲು, ಎರಡು ಟವಲು, ಕಣ್ಣು ಕಿರಿದಾಗಿ, ಮುಖ ಬಿಗಿದು, ಆಮೇಲೆ — ಹೋಗು, ಅಥವಾ ಬೇಡ. ಆ ಮೌನದಲ್ಲಿ ಇದ್ದದ್ದನ್ನು ಅವಳು ಜೀವಮಾನವೆಲ್ಲ ಓದಿಕೊಂಡಿದ್ದಾಳೆ, ದಣಿವು ಇತ್ತು, ಗಾಂಭೀರ್ಯ ಇತ್ತು, ಕಡಲು ದಾಟಿ ಬಂದು ಪರರ ನೆಲ ಒರೆಸಿದವಳ ಅಳತೆಯಿತ್ತು, ಅದನ್ನು ಆಟದಲ್ಲಿಟ್ಟರೆ ಈ ಜನಕ್ಕೆ ಆಟ ಕೆಟ್ಟುನಿಂತಂತೆ ಕಾಣುತ್ತದೆ.

ಅದಾದರೂ ಹೋಗಲಿ, ಪರದೇಶದ ಗುರುತಿಲ್ಲದವರು, ಆಟದ ಜೊತೆಗಾರ ಹ್ಯಾಮಿಷ್ ಮಾಡಿದ್ದು ಏನು. ನಿನ್ನೆ ಸಂಜೆ ಹೊಸ ಆವೃತ್ತಿ ಬಿಟ್ಟಿದ್ದಾನೆ, ಅಮ್ಮನ ಮುಖದ ಕೆಳಗೆ ಮೂಲೆಯಲ್ಲಿ ಒಂದು ಬಟನ್, ದಾಟಿಸು ಅಂತ, ಒತ್ತಿದರೆ ಟವಲಿಲ್ಲ, ಮೌನವಿಲ್ಲ, ಅಮ್ಮ ಗಿಣಿಯಂತೆ ಹೋಗು ಅನ್ನುತ್ತಾಳೆ, ಇವಳಿಗೆ ಒಂದು ಮಾತು ಹೇಳಿಲ್ಲ, ಆಟ ಹೆಣೆಯುವವನು ಅವನು, ಬರೆಯುವವಳು ಇವಳು, ಇಬ್ಬರದೇ ಬಿಡಾರ, ಆದರೂ ಹೇಳಿಲ್ಲ, ಬೆಳಿಗ್ಗೆ ಒಬ್ಬ ಆಟಗಾರ ಥ್ಯಾಂಕ್ಸ್, ಈಗ ಅಮ್ಮನ ಕಾಟ ತಪ್ಪಿತು ಎಂದು ಬರೆದಾಗಲೇ ಗೊತ್ತಾದದ್ದು. ಅರ್ಧ ಗಂಟೆಯ ಹಿಂದೆ ಬಾಗಿಲಾಚೆ ನಿಂತು ಅವನಿಗೆ ಫೋನು ಮಾಡಿದಳು, ಈ ಪೊರಿರುವಾ ಊರಿನ ಗಾಳಿ ಮಾತನ್ನು ಬಾಯಿಂದಲೇ ಕಿತ್ತುಕೊಂಡು ಹೋಗುತ್ತಿತ್ತು, ಯಾಕೋ ಹಾಕ್ದೆ ಅದನ್ನ, ನನ್ನೊಂದು ಮಾತು ಕೇಳ್ಬೇಕಿತ್ತು ತಾನೆ ಅಂದಳು, ಕೇಳಿದ್ರೆ ನೀನು ಬೇಡ ಅಂತಿದ್ದೆ ಅಂದ ಅವನು, ತಣ್ಣಗೆ, ಮೂರು ಜನರಲ್ಲಿ ಒಬ್ಬರು ಅಲ್ಲೇ ಆಟ ಬಿಟ್ಟು ಹೋಗುತ್ತಿದ್ದಾರೆ, ಮುಳುಗಿದ ಊರನ್ನು ನೋಡುವುದೇ ಇಲ್ಲ, ನೀನು ಒಂದು ವರ್ಷ ಕೂತು ಬಿಡಿಸಿದ ಊರು ಎಂದು ಲೆಕ್ಕ ಒಪ್ಪಿಸಿದ. ಹೋಗ್ಲಿ ಬಿಡು, ಒಂಬತ್ತು ಸೆಕೆಂಡು ಕಾಯೋಕಾಗದವರು ನನ್ನ ಊರನ್ನ ನೋಡೋದೂ ಬೇಡ. ಆಗ ಅವನು ಅಂದದ್ದು — ಎಸೆಟ, ಅದು ನಿಮ್ಮಮ್ಮ ಅಲ್ಲ, ಪಾತ್ರ. ಫೋನು ಇಟ್ಟಳು. ಪಾತ್ರವಂತೆ. ನಾಲ್ಕು ವರ್ಷದ ಹಿಂದೆ ಅಮ್ಮನನ್ನು ಮಣ್ಣು ಮಾಡಿದಾಗ ಮೂರು ದಿನ ಚರ್ಚಿನ ಅಡುಗೆಮನೆಯಲ್ಲಿ ತೋಳೇರಿಸಿ ಇನ್ನೂರು ಜನರ ತಟ್ಟೆ ತೊಳೆದವನು ಇವನೇ, ಅಮ್ಮನ ಸಮೋವನ್ ಭಾಷೆಯಲ್ಲಿ ಎರಡು ಸಾಲು ಬಾಯಿಪಾಠ ಮಾಡಿ ಹಾಡಿದವನು ಇವನೇ, ಹಾಡುವಾಗ ಅತ್ತವನು, ಅಂಥವನ ಬಾಯಲ್ಲಿ ಈ ಮಾತು — ಹೊರಗಿನವರು ಕಲ್ಲೆಸೆದರೆ ತಪ್ಪಿಸಿಕೊಳ್ಳಬಹುದು, ಒಳಗಿನವರು ಬಾಗಿಲಿಗೇ ಬಟನ್ ಇಟ್ಟರೆ ಏನು ಮಾಡುವುದು.

ಹಾಗಾಗಿ ಈಗ ಹುಡುಕುತ್ತಿದ್ದಾಳೆ, ಆರುನೂರ ಹನ್ನೆರಡರಲ್ಲಿ ಒಬ್ಬರು, ಒಬ್ಬರೇ ಒಬ್ಬರು ಈ ಅಮ್ಮ ಹೀಗೇ ಇರಲಿ ಎಂದು ಬರೆದಿದ್ದರೆ ಸಾಕು, ಅದನ್ನು ಹ್ಯಾಮಿಷನ ಮುಖಕ್ಕೆ ಹಿಡಿಯಬೇಕು, ಬೆರಳು ಓಡುತ್ತಿದೆ, ನಿಧಾನ, ಬೋರು, ನಿಧಾನ, ಕಣ್ಣು, ನಿಧಾನ, ಇಲ್ಲಿ — ಟೌನ್ಸ್‌ವಿಲ್‌ನ ಯಾರೋ, ಹಡಗುಕಟ್ಟೆಯಲ್ಲಿ ಸಾಮಾನು ಎತ್ತುವವನಂತೆ, ಒಂಬತ್ತು ಸೆಕೆಂಡಿಂದ ನನಗೇನೂ ತೊಂದರೆ ಇಲ್ಲ, ನನ್ನಜ್ಜಿ ಇನ್ನೂ ಜಾಸ್ತಿ ತಗೋತಿದ್ಲು. ಎದೆ ಹಗುರವಾಯಿತು, ಅಣ್ಣಾ, ನೀನು ಎಲ್ಲಿದ್ದರೂ ಚೆನ್ನಾಗಿರು, ಮುಂದೆ ಓದಿದಳು, ಆದರೆ ಹದಿನಾಲ್ಕು ಗಂಟೆ ಆಡಿದೆ, ಈ ಅಮ್ಮ ಒಂದು ಸಲಾನೂ ನಗಲಿಲ್ಲ. ದುಡಿದು ಬರೋ ಹೆಂಗಸರು ನಗೋದೇ ಇಲ್ಲ ಅಂತ ನಿಮಗೆ ಯಾರು ಹೇಳಿದ್ದು. ನಮ್ಮಜ್ಜಿ ಆಸ್ಪತ್ರೆ ಬಟ್ಟೆ ಒಗೀತಿದ್ಲು, ಅವಳಷ್ಟು ಪೋಕರಿ ಇನ್ನೊಬ್ಬಳಿರಲಿಲ್ಲ. ಇವಳು ಅಮ್ಮ ಅಲ್ಲ, ಗೋಡೆಗೆ ಹಾಕಿದ ಫೋಟೋ. ಕೆನ್ನೆ ಕಾದ ಕಾವಲಿಯಾಯಿತು. ಯಾರಿವನು, ಯಾರು ಕೇಳಿದರು ಇವನ ಅಜ್ಜಿಯ ಕಥೆ, ನನ್ನ ಅಮ್ಮ ನಕ್ಕಳೋ ಬಿಟ್ಟಳೋ ಸಾವಿರಾರು ಮೈಲಿಯಾಚೆ ಮೂಟೆ ಎತ್ತುವವನಿಗೆ ಏನು ಗೊತ್ತು, ಹೆಬ್ಬೆರಳು ಆಗಲೇ ಉತ್ತರ ಕುಟ್ಟತೊಡಗಿತ್ತು, ನನ್ನ ಅಮ್ಮ ಇಪ್ಪತ್ತಾರು ವರ್ಷ ದುಡಿದಳು, ನಗಲು ಅವಳಿಗೆ — ನಗಲು ಅವಳಿಗೆ ಏನು, ಪುರುಸೊತ್ತಿರಲಿಲ್ಲವೇ, ಬರುತ್ತಿರಲಿಲ್ಲವೇ, ವಾಕ್ಯ ಅಲ್ಲೇ ಕೂತಿತು, ನೀರಿಗಿಳಿಯದ ದೋಣಿಯಂತೆ.

ಫೋನನ್ನ ಯಾಕೆ ಹಾಗೆ ತಿನ್ನೋ ಹಾಗೆ ನೋಡ್ತಿದೀಯಾ ಮಗಳೇ, ಗಂಡಸಾ. ಲೆಪೆಕಾ ಚಿಕ್ಕಮ್ಮ, ಪಕ್ಕದ ಯಂತ್ರದಿಂದ ಬಿಸಿ ದುಪ್ಪಟಿ ಎಳೆಯುತ್ತ, ರಕ್ತಸಂಬಂಧವೇನಲ್ಲ, ಅಮ್ಮನ ಜೊತೆ ಅದೇ ಬಸ್ಸು ಹತ್ತಿ ಅದೇ ಕಚೇರಿ ಗುಡಿಸಿದವಳು, ಈಗ ಮಂಡಿನೋವು, ಮೊಮ್ಮಕ್ಕಳು, ಚರ್ಚಿನ ಮುಂದಿನ ಬೆಂಚು. ಗಂಡಸಲ್ಲ ಚಿಕ್ಕಮ್ಮ, ಆಟದ್ದು. ಓ, ನಿನ್ ಕಾರ್ಟೂನು, ಮುಗೀಲೇ ಇಲ್ವಾ ಇನ್ನೂ, ಹಿಡಿ ಈ ತುದಿ. ಎಸೆಟ ದುಪ್ಪಟಿಯ ತುದಿ ಹಿಡಿದಳು, ಹಿಡಿದು ದೂರನ್ನೆಲ್ಲ ಹೇಳಿಕೊಂಡಳು, ಆಟದಲ್ಲಿ ಅಮ್ಮ ಇರುವುದು, ಟವಲು ಮಡಚುವುದು, ಬಾಯಿ ಬಿಡದೆ ತಡೆಯುವುದು, ಆ ಗಾಂಭೀರ್ಯ ಯಾರಿಗೂ ಬೇಡವಾದದ್ದು, ಮುದುಕಿ ಕರಗುತ್ತಾಳೆ ಎಂದುಕೊಂಡರೆ ಮುದುಕಿಯ ಭುಜ ಕುಲುಕತೊಡಗಿತು, ದುಪ್ಪಟಿಯೆಲ್ಲ ಅಲೆಯೆದ್ದಿತು. ಗಾಂಭೀರ್ಯ. ಯಾರು, ನಿಮ್ಮಮ್ಮ. ಅಯ್ಯೋ ಹುಡುಗಿ, ಅವಳು ನಗು ತಡ್ಕೊಳ್ತಿದ್ಲು ಕಣೆ. ನನ್ನ ಮಗಳು ಏನಾದ್ರೂ ಕೇಳೋಕೆ ಬಂದ್ರೆ ಮನಸಲ್ಲೇ ಹತ್ತು ಎಣಿಸ್ತೀನಿ, ಅಷ್ಟರಲ್ಲಿ ಅವಳ ಮುಖ ಬೆಂದ ಏಡಿ ಥರ ಆಗುತ್ತೆ ಅಂತ ಬಸ್ಸಲ್ಲಿ ಬಂದು ಮಾಡಿ ತೋರಿಸ್ತಿದ್ಲು, ನಿನ್ನ ತುಟಿ, ನಿನ್ನ ಕಣ್ಣು, ನಾವು ಬಿದ್ದೂ ಬಿದ್ದೂ ನಗೋದು, ಡ್ರೈವರ್ ಬೈಯೋನು. ದುಪ್ಪಟಿ ಕೈಯಿಂದ ಜಾರಿತು, ಹಿಡ್ಕೊ ಸರಿಯಾಗಿ ಅಂದಳು ಮುದುಕಿ, ಆ ಬೊಜ್ಜಿನ ಸಾಹೇಬನ ಥರ ನಡೆದು ತೋರಿಸಿದ್ದು ನೆನಪಿಲ್ವಾ, ನೀನೇ ಇದ್ಯಲ್ಲ ಅವತ್ತು, ಶಾಲೆಗೆ ರಜ ಅಂತ ಕರ್ಕೊಂಡು ಬಂದಿದ್ಲು.

ನೆನಪಿಲ್ಲ ಅನ್ನಲು ಬಾಯಿ ತೆರೆದಳು, ಆದರೆ ಆಗಲೇ ಆ ಕಚೇರಿಯ ಉದ್ದನೆಯ ಹಜಾರ ಕಣ್ಣೆದುರು ಬಂದು ನಿಂತಿತ್ತು, ದೀಪ ಹತ್ತಿಸಿಯೂ ಕತ್ತಲಾಗಿದ್ದ ಬೆಳಗು, ಸಾಲು ಮೇಜು, ಅಮ್ಮ ಏಪ್ರನ್ನಿನೊಳಗೆ ಟವಲು ಸುರುಳಿ ಸುತ್ತಿ ತುರುಕಿಕೊಂಡು, ಎರಡು ಹೆಬ್ಬೆರಳು ಸೊಂಟಕ್ಕೆ ಸಿಕ್ಕಿಸಿ, ಮೇಜು ಮೇಜಿಗೆ ನಿಂತು, ಇದು ಒರೆಸಿದ್ದಾ, ಇದು ಒರೆಸಿದ್ದಾ ಎಂದು ಮೂಗಿನಲ್ಲಿ ಕೇಳುತ್ತ ಬರುತ್ತಾಳೆ, ಲೆಪೆಕಾ ಬಕೆಟ್ಟಿನ ಮೇಲೆ ಕುಸಿದು ಕೂತಿದ್ದಾಳೆ, ಇನ್ನಿಬ್ಬರು ಗೋಡೆ ಹಿಡಿದಿದ್ದಾರೆ, ಒಂಬತ್ತು ವರ್ಷದ ಎಸೆಟ ಮಾತ್ರ ಬಾಗಿಲು ನೋಡುತ್ತಿದ್ದಾಳೆ, ಯಾರಾದರೂ ಬಂದರೆ, ನೋಡಿದರೆ, ಶಾಲೆಯಲ್ಲಿ ಗೊತ್ತಾದರೆ, ಅಮ್ಮಾ ಸಾಕು, ಅಮ್ಮಾ ಸಾಕು ಮಾಡು, ಅಂದವಳು ತಾನೇ, ನಕ್ಕದ್ದನ್ನು ಸಾಕು ಮಾಡಿಸಿದವಳು, ಆಮೇಲೆ ಇಷ್ಟು ವರ್ಷ ಅದನ್ನು ದಾಟಿಸಿಕೊಂಡು, ದಾಟಿಸಿಕೊಂಡು, ಬಿಗಿದ ಮುಖವೊಂದನ್ನೇ ಉಳಿಸಿಕೊಂಡವಳು, ಹ್ಯಾಮಿಷನನ್ನು ಬೈದಳಲ್ಲ, ಇನ್ನೂರು ಜನರನ್ನು ಬೈದಳಲ್ಲ, ಹಡಗುಕಟ್ಟೆಯ ಆ ಮನುಷ್ಯನನ್ನು ಇನ್ನೂ ಬೈಯಬೇಕೆನಿಸುತ್ತಿದೆ, ಅವನು ಸರಿ ಹೇಳಿದ ಎಂಬ ಒಂದೇ ಕಾರಣಕ್ಕೆ. ಕೂತಳು. ಅವನಿಗೆ ಬರೆದ ಅರ್ಧ ಉತ್ತರ ಅಳಿಸಿದಳು. ಹ್ಯಾಮಿಷನಿಗೆ ಬರೆದಳು, ಬಟನ್ ತೆಗಿ, ಒಂದು ವಾರ ಕೊಡು, ಅಮ್ಮನ ಮಾತು ಪೂರ್ತಿ ಹೊಸದಾಗಿ ಬರೀತೀನಿ, ಇನ್ಮೇಲೆ ಕೇಳದೆ ಏನಾದ್ರೂ ಮಾಡಿದ್ರೆ ಕೈ ಮುರೀತೀನಿ. ಕೂಡಲೇ ಬಂತು, ತೆಗೆದೆ, ತಪ್ಪಾಯ್ತು, ಬರಿ.

ಬರಿ ಅಂದರೆ ಬರೆದುಬಿಡುವುದೇ, ಫೆಟು ಕೇಳುತ್ತಾಳೆ ಅಮ್ಮಾ ಹೋಗ್ಲಾ, ಅಮ್ಮ ಟವಲು ಮಡಚುತ್ತಾಳೆ, ಕಣ್ಣು ಕಿರಿದಾಗುತ್ತದೆ, ತುಟಿ ಬಿಗಿಯುತ್ತದೆ, ಇನ್ನು ತಡೆಯಲಾಗದೆ ನಗುತ್ತಾಳೆ — ನಗುತ್ತಾಳೆ ಎಂದು ಬರೆದರೆ ನಗು ಆಗುತ್ತದೆಯೇ, ಹಹ್ಹ ಎಂದು ಬರೆದಳು, ಅದು ಯಾರದೋ, ಹೀ ಎಂದು ಬರೆದಳು, ಅದು ಕುದುರೆಯದು, ಅಳಿಸಿದಳು, ಅಮ್ಮ ಹೇಗೆ ನಗುತ್ತಿದ್ದಳು, ಜೋರಾಗಿಯೋ, ಮೂಗಿನಿಂದಲೋ, ಸಣ್ಣ ಸಿಳ್ಳೆಯಂತೆಯೋ, ಲೆಪೆಕಾಳನ್ನು ಕೇಳಲು ತಿರುಗಿದರೆ ಅವಳು ಚೀಲ ಹೊತ್ತು ಆಗಲೇ ಬಾಗಿಲಾಚೆ ಗಾಳಿಗೆ ಬಾಗಿ ನಡೆಯುತ್ತಿದ್ದಾಳೆ, ಓಡಿಹೋಗಿ ಕೇಳಬಹುದು, ಕೇಳಿದರೂ ಅವಳ ಬಾಯಿಂದ ಅವಳ ನಗುವೇ ಬರುತ್ತದೆ, ಮನಸ್ಸಿನಲ್ಲೇ ಮತ್ತೆ ಆ ಹಜಾರಕ್ಕೆ ಹೋದಳು, ಅಮ್ಮ ಬರುತ್ತಾಳೆ, ಇದು ಒರೆಸಿದ್ದಾ, ನಿಲ್ಲುತ್ತಾಳೆ, ಮುಖ ಒಡೆಯುತ್ತದೆ, ಮುಂದಿನ ಎರಡು ಹಲ್ಲಿಲ್ಲದ್ದು ಕಾಣಬಾರದೆಂದು ಕೈ ಮೇಲೇಳುತ್ತದೆ, ಹಳದಿ ರಬ್ಬರಿನ ಗವಸು, ನೀರು ತೊಟ್ಟಿಕ್ಕುತ್ತ, ಬಾಯಿ ಮುಚ್ಚುತ್ತದೆ, ಸದ್ದಿಲ್ಲ, ಇನ್ನೊಮ್ಮೆ, ಮೊದಲಿಂದ, ಬರುತ್ತಾಳೆ, ನಿಲ್ಲುತ್ತಾಳೆ, ಕೈ ಮೇಲೇಳುವುದರೊಳಗೆ ಒಂದು ಸಲ, ಒಂದೇ ಸಲ ಆ ನಗು ಕೇಳಿಸಿದರೆ — ಹಳದಿ ಗವಸು, ಬಾಯಿಯ ಮೇಲೆ. ಇನ್ನೊಮ್ಮೆ. ಹಳದಿ ಗವಸು, ಬಾಯಿಯ ಮೇಲೆ, ಗಲ್ಲದಲ್ಲಿ ಸೋಪಿನ ನೊರೆ