ಮೂಲಂ ದಿನದ ಚೌಕ

"ಅಪ್ಪನಿಗೆ ಯಾವ ಕಾಯಿಲೆ ಅಂತ ಹೇಳ್ಲಾ ಅಮ್ಮ?"

ಉಪ್ಪೇರಿ ಚಿಪ್ಸ್‌ಗೆ ಬಾಳೆಕಾಯಿ ಹೆಚ್ಚುತ್ತಿದ್ದ ವಿಲಾಸಿನಿಯ ಎದುರು ಅನಘಾ ದಪ್ಪ ಪುಸ್ತಕ ಬಿಡಿಸಿ ಕೂತಳು. ಮನಃಶಾಸ್ತ್ರದ ಮೊದಲ ವರ್ಷ. ಓಣಂ ರಜೆಗೆ ಕೊಲ್ಲಂಗೆ ಬಂದಾಗಿನಿಂದ ಮನೆಯಲ್ಲಿ ಒಬ್ಬರನ್ನೂ ಬಿಟ್ಟಿರಲಿಲ್ಲ.

"ಯಾರ ಹತ್ರಾನೂ ಮಾತಿಲ್ಲ, ಒಬ್ಬರೇ ಕೂತಿರ್ತಾರೆ. ಪಕ್ಕಾ ವ್ಯಕ್ತಿತ್ವದ ಕಾಯಿಲೆ."

"ಮೀನಿನವಳ ಹತ್ರ ಚೌಕಾಸಿ ಮಾಡೋವಾಗ ನೋಡು. ಬಾಯಿಗೆ ಬೀಗ ಹಾಕ್ಬೇಕು."

"ಅಮ್ಮೂಮ್ಮ ಧಾರಾವಾಹಿ ನೋಡಿ ಎದೆ ಬಡ್ಕೊಂಡು ಅಳ್ತಾರಲ್ಲ, ಅದೂ ಒಂದು."

ಒಳಗಿನಿಂದ ಅಜ್ಜಿಯ ದನಿ ಬಂತು: "ನಂಗೆ ಎರಡು ಬರ್ಕೊಳ್ಳೇ. ಮೊಣಕಾಲೂ ನೋಯ್ತಿದೆ!"

ವಿಲಾಸಿನಿ ನಕ್ಕಳು. ಅನಘಾ ಮಾತ್ರ ದನಿ ತಗ್ಗಿಸಿದಳು. "ತಮಾಷೆ ಅಲ್ಲ. ಜಿಷಾ ಚೇಚಿಗೆ ನಿಜವಾಗ್ಲೂ ಇದೆ. ಹೂ ಹಾಕೋಕೆ ಶುರು ಮಾಡೋ ಅತ್ತಂ ದಿನ ನಾನಿಟ್ಟ ಕೆಂಪು ದಾಸವಾಳ ಒಂದೊಂದೇ ಆರಿಸಿ ತೆಗೆದ್ರು. ನಾಳೆ ಹೂವಿನ ರಂಗೋಲಿ ಚೌಕವಾಗೇ ಇರ್ಬೇಕಂತೆ. ಓಣಂಗೆ ಯಾರಾದ್ರೂ ಚೌಕ ಹಾಕ್ತಾರಾ? ತಮ್ಮ ನಿಯಮ ಒಂದಿಷ್ಟೂ ಸಡಿಲ ಬಿಡಲ್ಲ. ಇಲ್ಲೇ ಬರೆದಿದೆ ನೋಡು."

ಬಾಗಿಲಲ್ಲಿ ವಿಲಾಸಿನಿಯ ಸೊಸೆ, ಅನಘಾ 'ಚೇಚಿ' ಎಂದು ಕರೆಯುವ ಅತ್ತಿಗೆ ಜಿಷಾ ನಿಂತಿದ್ದಳು. ಮಡಿಲಲ್ಲಿ ಆಗ ತಾನೇ ಬಿಡಿಸಿದ ತುಂಬೆ ಹೂ. ಅದನ್ನು ಮೆಲ್ಲಗೆ ಮೊರದಲ್ಲಿ ಸುರಿದು ಒಳಗೆ ಹೋದಳು.

ಮಾರನೆಯ ದಿನ ಮೂಲಂ, ಓಣಂನ ಏಳನೆಯ ದಿನ. ಬೆಳಕು ಹರಿದರೂ ಅಂಗಳ ಬರಿದಾಗಿತ್ತು. ಮದುವೆಯಾಗಿ ಬಂದ ಮೇಲೆ ಜಿಷಾಗೆ ಇದು ಮೊದಲ ಓಣಂ. ವಿಲಾಸಿನಿ ಒಲೆ ಸಣ್ಣಗೆ ಮಾಡಿ ಕೋಣೆಗೆ ಹೋದಾಗ ಅವಳು ಚೀಲ ತುಂಬುತ್ತಿದ್ದಳು.

"ಅಣ್ಣನಿಗೆ ಬರೋಕೆ ಹೇಳಿದ್ದೀನಿ ಅಮ್ಮ. ರಾತ್ರಿಯೆಲ್ಲ ಯೋಚಿಸಿದೆ. ಡಬ್ಬಿಗಳನ್ನ ಸಾಲಾಗಿ ಇಡೋದು, ಟವೆಲ್ ಅಂಚು ಕೂಡಿಸಿ ಮಡಚೋದು... ನಾನು ಸರಿ ಇಲ್ವಾ?"

ವಿಲಾಸಿನಿ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತಳು.

"ನನ್ನಕ್ಕ ದೇವಯಾನಿಗೆ ಆ ವ್ಯಕ್ತಿತ್ವದ ಕಾಯಿಲೆ ನಿಜವಾಗಿ ಇತ್ತು ಮಗಳೇ. ಹರೆಯದಿಂದಲೂ ಇತ್ತು. ಮನೇಲಿ, ಕೆಲಸದಲ್ಲಿ, ಸ್ನೇಹದಲ್ಲಿ, ಹೋದಲ್ಲೆಲ್ಲ ಅದೇ. ಇವತ್ತು ದೇವರು ಅಂದವರನ್ನ ನಾಳೆ ಶತ್ರು ಅನ್ನೋಳು, ಆಮೇಲೆ ತಾನೇ ಅಳೋಳು. ನಿಲ್ಸೋಕೆ ಅವಳ ಕೈಲೂ ಆಗ್ತಿರಲಿಲ್ಲ. ಅದು ನೋವು ಕಣೇ, ಬೈಗುಳ ಅಲ್ಲ. ವರ್ಷಗಟ್ಟಲೆ ಡಾಕ್ಟರ ಹತ್ರ ಕೂತು ಮಾತಾಡಿ ಈಗ ನೆಮ್ಮದಿಯಾಗಿದ್ದಾಳೆ. ನಿಂದೂ ಹಾಗಾ? ಮೊನ್ನೆ ಕೋಳಿ ಬಂದು ಹೂವೆಲ್ಲ ಕೆದರಿತಲ್ಲ, ಏನಂದೆ?"

ಜಿಷಾ ಮೂಗು ಒರೆಸಿಕೊಂಡಳು. "ಅದಕ್ಕೂ ಓಣಂ ಅಲ್ವಾ ಅಂದೆ."

"ಮತ್ತೆ ಆ ದಾಸವಾಳ ಯಾಕೆ ತೆಗೆದೆ?"

"ನಮ್ಮ ಒಟ್ಟಪ್ಪಾಲಂ ಕಡೆ ಮೂರನೇ ದಿನ, ಚೋದಿ ಬರೋವರೆಗೆ ಕೆಂಪು ಹೂ ಇಡಲ್ಲ ಅಮ್ಮ. ಮೂಲಂ ದಿನ ಚೌಕ. ನಮ್ಮ ಬೀದೀಲಿ ಎಲ್ಲರ ಮನೇಲೂ ಹಾಗೇ. ಇಲ್ಲೂ ಹಾಗೇ ಅಂದ್ಕೊಂಡೆ."

ವಿಲಾಸಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅನಘಾ! ಬಾರೇ ಇಲ್ಲಿ ಡಾಕ್ಟರಮ್ಮ! ಒಟ್ಟಪ್ಪಾಲಂಗೆ ಒಂದು ಲಾರಿ ಔಷಧಿ ಕಳಿಸ್ಬೇಕಂತೆ, ಊರಿಗೂರೇ ಕಾಯಿಲೆ!"

ಅನಘಾ ಬಾಗಿಲ ಮರೆಯಲ್ಲೇ ಇದ್ದಳು. ಮುಖ ದಾಸವಾಳದಂತೆ ಕೆಂಪಾಗಿತ್ತು.

"ಲಕ್ಷಣ ಮಾತ್ರ ಓದಿದ್ದೆ ಚೇಚಿ. ಪಾಠದ ಮೊದಲ ಭಾಗ ಓದದೆ ಬಿಟ್ಟಿದ್ದೆ. ಬಹಳ ವರ್ಷದಿಂದ ಇರ್ಬೇಕು, ಎಲ್ಲ ಕಡೆ ಇರ್ಬೇಕು, ಬದುಕೇ ಹದಗೆಡ್ಬೇಕು ಅಂತ ಇದೆ. ಅದನ್ನೂ ತಿಳಿದವರು ಕೂತು ನೋಡಿ ಹೇಳ್ಬೇಕಂತೆ, ನನ್ನಂಥೋರಲ್ಲ. ತಪ್ಪಾಯ್ತು."

"ಸಿಟ್ಟು ಇನ್ನೂ ಇಳಿದಿಲ್ಲ," ಎಂದಳು ಜಿಷಾ. "ಇಳಿಯೋವರೆಗೆ ಹೂ ಬಿಡಿಸು, ಹೋಗು." ಆಮೇಲೆ ಅಣ್ಣನಿಗೆ ಫೋನ್ ಮಾಡಿದಳು. "ಏಟ್ಟಾ, ಇವತ್ತು ಬರ್ಬೇಡ. ತಿರುವೋಣಂ ದಿನ ಹಬ್ಬದೂಟಕ್ಕೆ ಬಾ. ಅತ್ತಿಗೇನೂ ಕರ್ಕೊಂಡು ಬಾ."

ಉಪ್ಪೇರಿ ಕರಿದು ಮುಗಿಸಿ ವಿಲಾಸಿನಿ ಅಡುಗೆಮನೆಯ ಕಿಟಕಿಯಿಂದ ಇಣುಕಿದಳು. ಅತ್ತಿಗೆ ನಾದಿನಿ ಅಂಗಳದಲ್ಲಿ ಮೊಣಕಾಲೂರಿ ಕೂತಿದ್ದರು. ಚೌಕ ಮುಕ್ಕಾಲು ತುಂಬಿತ್ತು. ಅನಘಾ ಹಾಕಿದ ಮೂಲೆ ತುಸು ಸೊಟ್ಟಗೆ ಹೊರಚಾಚಿತ್ತು. ಜಿಷಾಳ ಕೈ ಆ ಮೂಲೆಯ ಕಡೆ ಹೋಯಿತು, ಗಾಳಿಯಲ್ಲಿ ಒಂದಿಷ್ಟು ಹೊತ್ತು ನಿಂತಿತು, ಮೂಲೆಯನ್ನು ಹಾಗೇ ಬಿಟ್ಟು ಹೂವಿನ ಮೊರವನ್ನು ಅನಘಾಳ ಕಡೆಗೆ ಸರಿಸಿತು.