ಚುಟ್ಟಾ ಪೆಟ್ಟಿಗೆಯ ಪಿಟೀಲು

ತಪ್ಪು ನನ್ನದೇ, ಇಲ್ಲ ಅನ್ನುವುದಿಲ್ಲ. ಆದರೆ ಹುಟ್ಟಿದಾಗಿನಿಂದ ಬೆಟಗೇರಿಯ ಮಗ್ಗದ ಮನೆಯಲ್ಲೇ ಇದ್ದವಳು ನಾನು. ನೂಲು ತಂಪು ಹಿಡಿದರೆ ಬಿಸಿಲಿಗೆ ಹಾಕುವುದೊಂದೇ ನನಗೆ ಗೊತ್ತು. ನಾಲ್ಕು ದಿನದ ಜಡಿಮಳೆಗೆ ಮಗಳು ಶೃತಿಯ ಪಿಟೀಲು ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಮಳೆ ಬಿಟ್ಟ ಕೂಡಲೇ ಮಾಳಿಗೆಯ ಮೇಲೆ ಇಟ್ಟುಬಂದೆ. ಸಂಜೆ ತರಲು ಹೋದರೆ ಅಂಟು ಬಿಟ್ಟು, ಮೇಲಿನ ಹಲಗೆ ಬಾಯಿ ತೆರೆದು ನಿಂತಿತ್ತು. ಗಣಪ್ಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಆ ಪಿಟೀಲು ಶೃತಿಗೆ ಕಲಿಯಲು ಕೊಟ್ಟವರು ಸಂಗೀತದ ಮಾಸ್ತರು ಬೀರಲಿಂಗಪ್ಪನವರು. ಪಾಪ, ಅವರು ಬೈಯಲಿಲ್ಲ. "ರಿಪೇರಿಗೆ ಮಿರಜಿಗೆ ಕಳಸ್ತೀನ್ರಿ, ಒಂದ್ ತಿಂಗಳ ಹಿಡೀತೈತಿ. ಪರೀಕ್ಷಾ ದಿನ ನಾ ಬಾರಸೋದನ್ನ ಕೊಡ್ತೀನಿ. ಅಲ್ಲೀತನಕ ಕೈ ರೂಢಿ ತಪ್ಪಬಾರ್ದು ನೋಡ್ರಿ" ಎಂದರು. ಸಂಗೀತದ ಪರೀಕ್ಷೆಗೆ ಇಪ್ಪತ್ತು ದಿನವಿತ್ತು.

ಶೃತಿಯಾದರೂ ಬೈದಿದ್ದರೆ ಚಲೋ ಇತ್ತು. ಬೈಯಲಿಲ್ಲ, ಅಳಲಿಲ್ಲ, ನನ್ನ ಜೊತೆ ಮಾತೇ ಬಿಟ್ಟಳು. ರೊಟ್ಟಿ ಬೇಕಾದರೆ ತಟ್ಟೆ ಮುಂದೆ ತಳ್ಳುತ್ತಾಳೆ. ಹದಿನೈದು ವರ್ಷದ ಹುಡುಗಿಗೆ ಎಷ್ಟು ಸೊಕ್ಕು! ಐದನೇ ದಿನಕ್ಕೆ ನನ್ನ ಸೊಕ್ಕು ಇಳಿಯಿತು. ಈ ಹುಡುಗಿ ಒಂದು ಮಾತಾಡಿದರೆ ಸಾಕಪ್ಪಾ ಅನ್ನಿಸಿತು.

ನಮ್ಮ ಮಾವನವರು ಚುಟ್ಟಾ ಸೇದುತ್ತಿದ್ದರು. ಚುಟ್ಟಾ ಬರುತ್ತಿದ್ದ ತೆಳು ಕಟ್ಟಿಗೆಯ ಪೆಟ್ಟಿಗೆಯಲ್ಲಿ ನಾನು ಸೂಜಿ, ಗುಂಡಿ ಇಡುತ್ತಿದ್ದೆ. ಅದನ್ನೇ ಖಾಲಿ ಮಾಡಿದೆ. ಮುರಿದ ಮಗ್ಗದ ಸಾಗವಾನಿ ತುಂಡು ಕೆತ್ತಿ ಕುತ್ತಿಗೆ ಕೂರಿಸಿದೆ. ದನಿ ಹೊರಬರಲು ಮುಚ್ಚಳದಲ್ಲಿ ಎರಡು ಸೀಳು ತೆಗೆದು, ಪೆಟ್ಟಿಗೆಯನ್ನು ಅಂಟು ಹಾಕಿ ಬಂದ್ ಮಾಡಿದೆ. ತಂತಿಗಳನ್ನು ಎತ್ತಿ ಹಿಡಿಯಲು ಕಟ್ಟಿಗೆಯ ಬಾಚಣಿಗೆಯ ತುಂಡು. ತಂತಿ ಬಿಗಿಯುವ ನಾಲ್ಕು ಗೂಟಗಳನ್ನು ನಮ್ಮ ಮಗ್ಗ ರಿಪೇರಿ ಮಾಡುವ ಬುಡ್ಡೇಸಾಬರು ಕೆತ್ತಿಕೊಟ್ಟರು. ಗೂಟ ಕೂರುವ ತೂತನ್ನೂ ತಾವೇ ಕೊರೆಯುವುದಾಗಿ ಹೇಳಿದರು. ನನಗೆಲ್ಲಿಯ ತಾಳ್ಮೆ? ಕಬ್ಬಿಣದ ಸಲಾಕೆ ಕಾಸಿ ನಾನೇ ತೂತು ಸುಟ್ಟೆ. ಮೂರು ಸರಿಯಾದವು, ನಾಲ್ಕನೆಯದು ದೊಡ್ಡದಾಯಿತು. ಮಾಸ್ತರು ಹಳೆಯ ತಂತಿ ಕೊಟ್ಟರು. ಕಮಾನು ಬಿಸಿಲಿಗೆ ಹೋಗಿರಲಿಲ್ಲ, ದೇವರು ದೊಡ್ಡವನು.

ಎಲ್ಲ ಮುಗಿಸಿ ಶೃತಿಯ ಮುಂದಿಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕೆಳಗೆ ಕೂತು, ಪೆಟ್ಟಿಗೆಯನ್ನು ಹೆಗಲಿಗೆ ಆನಿಸಿ, ಗೂಟಗಳಿದ್ದ ಕುತ್ತಿಗೆಯ ತುದಿಯನ್ನು ಪಾದದ ಮೇಲಿಟ್ಟು ಕಮಾನು ಎಳೆದಳು. ಕರು ಒದರಿದಂತಾಯಿತು. ಅಷ್ಟರಲ್ಲಿ ನಾಲ್ಕನೆಯ ಗೂಟ ತಿರುಗಿ ತಂತಿ ಸಡಿಲಾಯಿತು. ಬಿಗಿದಳು, ಮತ್ತೆ ಸಡಿಲ. ನಾನು ಅವಳ ಕಾಲ ಹತ್ತಿರ ಕೂತು ಗೂಟ ಹಿಡಿದೆ.

"ಬಿಗಿ ಮಾಡು," ಅಂದಳು. ಹನ್ನೊಂದು ದಿನದ ಮೇಲೆ ಬಂದ ಮಾತು. "ಇನ್ನಾ ಸ್ವಲ್ಪ. ಸಾಕ್, ಸಾಕ್! ಹರೀತೈತಿ ಯವ್ವಾ!"

ಅಂದಿನಿಂದ ದಿನಾ ಸಂಜೆ ಅವಳು ಬಾರಿಸುವುದು, ನಾನು ಗೂಟ ಹಿಡಿಯುವುದು. ಮೊದಮೊದಲು ಬಿಗಿ, ಸಡಿಲ ಅಷ್ಟೇ. ಆಮೇಲೆ ಶಾಲೆಯ ಸುದ್ದಿ, ಗೆಳತಿ ಯಾಸ್ಮೀನಳ ಮೇಲಿನ ಚಾಡಿ ಎಲ್ಲ ಬಂತು. ಬೆರಳು ನೋಯುತ್ತಿದ್ದವು, ನೋಯಲಿ.

ಒಂದು ಸಂಜೆ ಬುಡ್ಡೇಸಾಬರು ಕಟ್ಟಿಗೆಯ ಚಕ್ಕೆ ಹಿಡಿದು ಬಂದರು. "ಸುಮಿತ್ರವ್ವಾರ, ಆ ತೂತಿನ್ಯಾಗ ಇದನ್ನ ಬಡದರ ಆತ್ರಿ. ಗೂಟ ಅಳ್ಳಾಡಂಗಿಲ್ಲ. ಎರಡ ಮಿನಿಟಿನ ಕೆಲಸ."

ಗೂಟ ಗಟ್ಟಿಯಾದರೆ ಇವಳು ನನ್ನನ್ನು ಯಾಕೆ ಕರೆಯುತ್ತಾಳೆ? ಆದರೆ ಬೇಡ ಅನ್ನಲು ಯಾವ ಮುಖವಿತ್ತು ನನಗೆ? ಮಗಳ ಪರೀಕ್ಷೆ ದೊಡ್ಡದು. "ಕುಂಡ್ರಿ ಸಾಬರ" ಅಂದು ಪಿಟೀಲಿಗೆ ಕೈ ಚಾಚಿದೆ.

ಶೃತಿ ಅದನ್ನು ಎದೆಗೆ ಒತ್ತಿಕೊಂಡಳು.

"ಬ್ಯಾಡ್ರಿ ಕಾಕಾ. ಅವ್ವ ಹಿಡೀತಾಳ."